ಇಂಥದ್ದನ್ನೆಲ್ಲ ಯಾಕೆ ಓದ್ತೀಯ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳುತ್ತಾರೆ, ರೈಲಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು ಹಿಂದಿನ ರಟ್ಟು ಓದುತ್ತಾರೆ, ಮುಖ ಕಿವುಚುತ್ತಾರೆ, ಕೇಳುತ್ತಾರೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನಾನು ಓದುವುದು ಮನುಷ್ಯರು ಮನುಷ್ಯರಿಗೆ ಕೊಡುವ ಹಿಂಸೆಯ ಕಥೆಗಳನ್ನು. ದೆವ್ವದ ಕಥೆ ಓದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ದೆವ್ವ ಎಂದರೆ ನಮಗೆ ಒಂಥರಾ ಸಲುಗೆ. 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆದರೆ ಅದು ಓದಿಕೊಂಡು ವಾಪಸ್ ಹೋಗುತ್ತದೆ ಎಂದು ಊರೂರೇ ನಂಬಿತ್ತಲ್ಲ. ಆದರೆ ಹಿಂಸೆ ಕೊಡುವವರು ಮನೆಯೊಳಗೇ ಇದ್ದು, ಬೀಗದ ಕೈ ಅವರ ಸೊಂಟದಲ್ಲೇ ಇದ್ದರೆ, ಒಳಗಿರುವ ಮಗು ಯಾವ ಬಾಗಿಲ ಮೇಲೆ ಏನು ಬರೆಯಬೇಕು?

'ಇದರಲ್ಲಿ ನಿಂಗೆ ಏನು ಮಜಾ ಸಿಗುತ್ತೆ?' ಎಂದು ಹತ್ತಿರದ ಗೆಳತಿಯೇ ಒಮ್ಮೆ ಕೇಳಿದಳು. ಮಜಾ! ಆ ಮಾತಿಗೆ ನಾನು ಎರಡು ವಾರ ಅವಳ ಫೋನ್ ಎತ್ತಲಿಲ್ಲ. ಓದುವಾಗ ನನಗೆ ಹೊಟ್ಟೆ ತೊಳಸುತ್ತದೆ. ಎದ್ದು ನೀರು ಕುಡಿಯುತ್ತೇನೆ, ಮಕ್ಕಳು ಮಲಗಿರುವ ಕೋಣೆಗೆ ಹೋಗಿ ಸುಮ್ನೆ ಹೊದಿಕೆ ಸರಿ ಮಾಡಿ ಬರುತ್ತೇನೆ. ಹಿಂಸೆಯನ್ನು ಬಾಯಿ ಚಪ್ಪರಿಸಿಕೊಂಡು ಬರೆಯುವವರೂ ಇದ್ದಾರೆ, ಅದು ನನಗೂ ಗೊತ್ತು. ಅಂಥ ಪುಸ್ತಕ ಹತ್ತು ಪುಟಕ್ಕೇ ಗುರುತು ಸಿಗುತ್ತದೆ. ಏಟು ತಿನ್ನುವವಳಿಗೆ ಅಲ್ಲಿ ಏಟು ಬಿಟ್ಟರೆ ಬೇರೇನೂ ಇರುವುದಿಲ್ಲ. ಅವಳಿಗೆ ಏನು ಇಷ್ಟ, ಅವಳು ಯಾವುದಕ್ಕೆ ನಗುತ್ತಾಳೆ, ಒಂದೂ ಇರುವುದಿಲ್ಲ. ಅದನ್ನು ಅಲ್ಲೇ ಬಿಡುತ್ತೇನೆ.

ಹೋದ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ದೊಡ್ಡಮ್ಮನ ಸೊಸೆಯ ಸೀಮಂತ. ನನ್ನ ಬ್ಯಾಗಿನಲ್ಲಿ ಪಿನ್ನು ಹುಡುಕಲು ಹೋದ ದೊಡ್ಡಮ್ಮನ ಕೈಗೆ ಪುಸ್ತಕ ಸಿಕ್ಕಿತು. ದೊಡ್ಡಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಿಯಾದವರು. ಹಿಂದಿನ ರಟ್ಟು ಪೂರ್ತಿ ಓದಿದರು. 'ಇಂಥದ್ದನ್ನೆಲ್ಲ ಯಾಕೆ ಓದ್ತೀಯೇ? ಬಸುರಿ ಕೂತಿರೋ ಕೋಣೆಗೆ ಇದನ್ನ ತಂದಿದ್ದೀಯಲ್ಲ' ಎಂದು ಎರಡೇ ಬೆರಳಲ್ಲಿ ಪುಸ್ತಕ ಹಿಡಿದು, ಹತ್ತಾರು ಜನ ಮುತ್ತೈದೆಯರ ನಡುವೆ ನಡೆದುಕೊಂಡು ಹೋಗಿ, ಹಿತ್ತಲಿನಲ್ಲಿ ನೀರಿನ ಮೋಟಾರಿನ ಡಬ್ಬದೊಳಗೆ ಇಟ್ಟು ಬಾಗಿಲು ಹಾಕಿ ಬಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬಳೆ ತೊಡಿಸುವಾಗಲೂ ಹಾಡು ಹೇಳುವಾಗಲೂ ನನ್ನ ತಲೆಯಲ್ಲಿ ಉತ್ತರವೇ ಓಡುತ್ತಿತ್ತು.

ಆ ಪುಸ್ತಕ ಜ್ಯಾಕ್ ಕೆಚಮ್ 1989ರಲ್ಲಿ ಬರೆದ 'ದ ಗರ್ಲ್ ನೆಕ್ಸ್ಟ್ ಡೋರ್'. ಅದರ ಬೇರು ನಿಜವಾಗಿ ನಡೆದ ಘಟನೆಯಲ್ಲಿದೆ. ಅಮೆರಿಕದ ಇಂಡಿಯಾನಾಪೊಲಿಸ್ ಊರು, 1965. ಸಿಲ್ವಿಯಾ ಲೈಕನ್ಸ್ ಎಂಬ 16 ವರ್ಷದ ಹುಡುಗಿ. ಮುಂದಿನ ಒಂದು ಹಲ್ಲು ಇರಲಿಲ್ಲ, ಅದಕ್ಕೇ ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪ ಅಮ್ಮ ಊರೂರಿನ ಜಾತ್ರೆ ಮೇಳಗಳ ಜೊತೆ ತಿರುಗಿ ದುಡಿಯುವವರು. ಅವಳನ್ನೂ, ಪೋಲಿಯೋದಿಂದ ಕಾಲು ಕುಂಟುತ್ತಿದ್ದ ತಂಗಿಯನ್ನೂ ಗರ್ಟ್ರೂಡ್ ಎಂಬ ಹೆಂಗಸಿನ ಮನೆಯಲ್ಲಿ ಬಿಟ್ಟು ಹೋದರು. ವಾರಕ್ಕೆ 20 ಡಾಲರ್. ಹಣ ಬರುವುದು ತಡವಾದಾಗ ಏಟು ಶುರುವಾಯಿತು. ಆಮೇಲೆ ಕಾರಣವೇ ಬೇಕಾಗಲಿಲ್ಲ. ಆ ಹೆಂಗಸಿನ ಮಕ್ಕಳು ಸೇರಿಕೊಂಡರು, ಬೀದಿಯ ಮಕ್ಕಳು ಶಾಲೆ ಮುಗಿಸಿ ಬಂದು ಸೇರಿಕೊಂಡರು. ಕಾಯಿಸಿದ ಸೂಜಿಯಿಂದ ಅವಳ ಹೊಟ್ಟೆಯ ಮೇಲೆ ಅಕ್ಷರ ಬರೆದರು. ಅಕ್ಟೋಬರ್ 26ರಂದು ಅವಳು ಸತ್ತಳು. ಪಕ್ಕದ ಮನೆಯವರು ಅವಳ ಬಾತ ಕಣ್ಣು ನೋಡಿದ್ದರು, ಕೂಗು ಕೇಳಿದ್ದರು. ಗರ್ಟ್ರೂಡ್‌ಗೆ ಜೀವಾವಧಿ ಶಿಕ್ಷೆಯಾಯಿತು, 1985ರಲ್ಲಿ ಪೆರೋಲ್ ಮೇಲೆ ಹೊರಗೆ ಬಂದಳು.

ಕಾದಂಬರಿಯಲ್ಲಿ ಹೆಸರು ಬೇರೆ, ಕಾಲ ಬೇರೆ. ಕಥೆ ಹೇಳುವವನು ಪಕ್ಕದ ಮನೆಯ ಹುಡುಗ, ಈಗ ದೊಡ್ಡವನಾಗಿದ್ದಾನೆ. ಮೊದಲ ಸಲ ಆ ಹುಡುಗಿಯನ್ನು ಕಂಡದ್ದು ಹಳ್ಳದ ಹತ್ತಿರ, ತಾನು ಬಂಡೆಯ ಮೇಲೆ ಮಲಗಿ ನೀರಿಗೆ ಕೈ ಹಾಕಿ ಸೀಗಡಿಯಂಥ ಜೀವ ಹಿಡಿಯುತ್ತಿದ್ದಾಗ. ಆಮೇಲೆ ನೆಲಮಾಳಿಗೆಯಲ್ಲಿ ನಡೆದದ್ದನ್ನೆಲ್ಲ ಅವನು ನಿಂತು ನೋಡುತ್ತಾನೆ. ಒಂದು ಕಡೆ, ಇದನ್ನು ಮಾತ್ರ ನಿಮಗೆ ಹೇಳಲಾರೆ ಎಂದು ಅಧ್ಯಾಯವನ್ನೇ ನಿಲ್ಲಿಸಿಬಿಡುತ್ತಾನೆ. ಅಲ್ಲಿ ನನಗೆ ಕೆಚಮ್ ಮೇಲೆ ಪೂರ್ತಿ ನಂಬಿಕೆ ಬಂತು. ನೋಡುವುದಕ್ಕೂ ಒಂದು ಮಿತಿ ಇದೆ ಎಂದು ಬರೆಯುವವನಿಗೆ ಗೊತ್ತಿತ್ತು.

ಯಾಕೆ ಓದ್ತೀಯ ಅನ್ನುವ ಬದಲು, 'ಯಾವ ಪುಟದಲ್ಲಿ ಮುಚ್ಚಿಟ್ಟೆ?' ಎಂದು ಯಾರಾದರೂ ಕೇಳಲಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾನು ಮುಚ್ಚಿಟ್ಟದ್ದು ರಕ್ತವಿರುವ ಪುಟದಲ್ಲಲ್ಲ. ಆ ಹುಡುಗ ಮನೆಗೆ ಬರುತ್ತಾನೆ. ಅಪ್ಪ ಅಮ್ಮ ಎದುರಿಗೇ ಇದ್ದಾರೆ. ಹೇಳಬೇಕು ಅಂದುಕೊಳ್ಳುತ್ತಾನೆ, ಬಾಯಿ ಬರುವುದಿಲ್ಲ. ಅಲ್ಲಿ ಮುಚ್ಚಿದವಳು ನಾಲ್ಕು ದಿನ ಆ ಪುಸ್ತಕ ಮುಟ್ಟಲಿಲ್ಲ.

ಯಾಕೆಂದರೆ ಆ ಹುಡುಗ ನಾನೇ.

ನನಗೆ ಆಗ ಒಂಬತ್ತು ವರ್ಷ. ಬೇಸಿಗೆ ರಜೆಗೆ ಮೈಸೂರಿಗೆ ಹೋಗುತ್ತಿದ್ದೆವು. ಆಗ ದೊಡ್ಡಮ್ಮ ವಠಾರದಲ್ಲಿದ್ದರು. ಎದುರು ಮನೆಯಲ್ಲಿ ಕೆಲಸಕ್ಕೆ ಇಟ್ಟುಕೊಂಡಿದ್ದ ಹುಡುಗಿ ನನಗಿಂತ ಸ್ವಲ್ಪ ದೊಡ್ಡವಳು. ಪುಟ್ಟಿ ಅನ್ನುತ್ತಿದ್ದರು, ನಿಜವಾದ ಹೆಸರು ಯಾರೂ ಕೇಳಿರಲಿಲ್ಲ. ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು. ನಾವು ಕುಂಟೆಬಿಲ್ಲೆ ಆಡುವಾಗ ನಮ್ಮ ಬಿಲ್ಲೆ ಗೆರೆಯ ಮೇಲೆ ಬಿದ್ದರೆ ಅಲ್ಲಿಂದಲೇ 'ಔಟ್!' ಎಂದು ಕೂಗುತ್ತಿದ್ದಳು. ಯಾವತ್ತೂ ತಪ್ಪು ಹೇಳುತ್ತಿರಲಿಲ್ಲ. ಒಂದು ದಿನ ಅವಳ ಎಡಗೈ ಮೇಲೆ ಬರೆ ನೋಡಿದೆ. ಸೌಟಿನ ಬರೆ. ಸೌಟಿನ ತುದಿಯ ಗುಂಡು ಆಕಾರ ಹಾಗೇ ಮೂಡಿತ್ತು, ನಡುವೆ ಬಿಳಿ ನೀರು ತುಂಬಿತ್ತು, ಅಂಚಿಗೆ ಬೂದಿ ಮೆತ್ತಿತ್ತು. ನಾನು ನೋಡಿದ್ದನ್ನು ಅವಳು ನೋಡಿ ಕೈಯನ್ನು ಲಂಗದ ಕೆಳಗೆ ಇಟ್ಟುಕೊಂಡಳು. ಮಧ್ಯಾಹ್ನ ಆ ಮನೆಯಿಂದ ಶಬ್ದ ಬರುತ್ತಿತ್ತು. ಶಬ್ದ ಬಂದಾಗ ದೊಡ್ಡಮ್ಮ ಎದ್ದು ಹೋಗಿ ರೇಡಿಯೋ ಜೋರು ಮಾಡುತ್ತಿದ್ದರು. ಮಕ್ಕಳಿಗೆ ಕೇಳಿಸಬಾರದು ಎಂದು ಇರಬೇಕು. ಆದರೂ ನಮಗೆ ಕೇಳಿಸುತ್ತಿತ್ತು. ನಾನು ಅಮ್ಮನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮುಂದಿನ ಬೇಸಿಗೆಗೆ ಹೋದಾಗ ಪುಟ್ಟಿ ಇರಲಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರಲ್ಲಿ. ಅಷ್ಟು ಹೊತ್ತಿಗೆ ನನಗೇ ಮದುವೆಯಾಗಿತ್ತು.

ಅದೇ ವಠಾರದಲ್ಲಿ ಸಂಜೆ ಹೊತ್ತು ತಾತ ಕುಮಾರವ್ಯಾಸನನ್ನು ಓದಿಸಿ ಕೇಳುತ್ತಿದ್ದರು. ದ್ರೌಪದಿಯನ್ನು ಸಭೆಗೆ ಎಳೆದು ತರುವ ಭಾಗ ಬಂದರೆ ಎದುರು ಮನೆಯವರೂ ಬಂದು ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾರೂ ತಾತನನ್ನು ಇಂಥದ್ದನ್ನೆಲ್ಲ ಯಾಕೆ ಕೇಳ್ತೀರಿ ಅನ್ನಲಿಲ್ಲ. ಭೀಷ್ಮ ದ್ರೋಣರೆಲ್ಲ ತಲೆ ತಗ್ಗಿಸಿ ಕೂತಿದ್ದಾಗ ಎದ್ದು ನಿಂತು ಇದು ತಪ್ಪು ಎಂದವನು ದುರ್ಯೋಧನನ ತಮ್ಮ ವಿಕರ್ಣ. ಆ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ನಾನು ಇಂಥ ಪುಸ್ತಕ ಹಿಡಿದಾಗಲೆಲ್ಲ ಅವನನ್ನೇ ಹುಡುಕುತ್ತಿರುತ್ತೇನೆ. ಯಾವ ಪುಟದಲ್ಲಿ ಯಾರು ಎದ್ದು ನಿಲ್ಲಬಹುದಿತ್ತು, ಅವರ ಕೈ ಹಿಡಿದು ಎಳೆದದ್ದು ಏನು? ಹೆದರಿಕೆಯಾ, ದಾಕ್ಷಿಣ್ಯವಾ, ಪಕ್ಕದ ಮನೆ ವಿಷಯ ನಮಗ್ಯಾಕೆ ಎಂಬ ಮಾತಾ? ಬೇರೆ ಥರದ ಕಥೆಗಳು ನನ್ನನ್ನು ಈ ಪ್ರಶ್ನೆಯ ಮುಂದೆ ಇಷ್ಟು ಹೊತ್ತು ಕೂರಿಸುವುದಿಲ್ಲ.

ಸೀಮಂತದ ದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೂ ದೊಡ್ಡಮ್ಮನೂ ಅಡುಗೆಮನೆಯಲ್ಲಿ ಕೂತು ಮಾರನೆ ದಿನದ ಸಾರಿಗೆ ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ಹಿತಕಿದ ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ದೊಡ್ಡಮ್ಮ ತಲೆ ಎತ್ತದೆ ಕೇಳಿದರು.

'ಆ ಪುಸ್ತಕದ ಹುಡುಗಿ ಕೊನೆಗೆ ಏನಾದಳು?'

'ಸತ್ತಳು ದೊಡ್ಡಮ್ಮ.'

'ಅಕ್ಕಪಕ್ಕದೋರು ಯಾರೂ ಇರಲಿಲ್ವೇನೇ?'

'ಇದ್ದರು.'

ಮತ್ತೆ ಒಂದು ಹಿಡಿ ಕಾಳು ತೆಗೆದುಕೊಂಡರು. ಹಿತಕಲಿಲ್ಲ, ಕೈಯಲ್ಲೇ ಇಟ್ಟುಕೊಂಡು ಕೂತರು.

'ನಮ್ಮ ವಠಾರದಲ್ಲಿ ಪುಟ್ಟಿ ಅಂತ ಒಂದು ಹುಡುಗಿ ಇತ್ತು. ನೀನು ಚಿಕ್ಕವಳು ಆಗ. ನೆನಪಿದೆಯಾ?'

ನೆನಪಿದೆ ಎಂದೆ. ರೇಡಿಯೋ ವಿಷಯ ಎತ್ತಲಿಲ್ಲ.

ಬೆಳಿಗ್ಗೆ ಎದ್ದಾಗ ಪುಸ್ತಕ ನನ್ನ ಬ್ಯಾಗಿನ ಮೇಲಿತ್ತು. ನಾನು ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಮೊದಲಿದ್ದ ಪುಟದಲ್ಲಿ ಇರಲಿಲ್ಲ.