ಔಷಧಿ ಪೇಟೆಂಟ್: ಮಂಜೂರಾಗುವ ಮೊದಲೇ ಓದಬೇಕು

ರೋಗಿಗಳ ಪರವಾಗಿ ಔಷಧಿ ಪೇಟೆಂಟ್ ಅರ್ಜಿಗಳಿಗೆ ಆಕ್ಷೇಪಣೆ ಸಲ್ಲಿಸುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಕಾನೂನು ಓದುತ್ತಿರುವವರು ಸಿಕ್ಕಾಗ, "ಇದು ಸುಪ್ರೀಂ ಕೋರ್ಟ್ ಕೆಲಸ ಅಲ್ವಾ?" ಎಂದು ಕೇಳುತ್ತಾರೆ. ಕೋರ್ಟ್ ಮೆಟ್ಟಿಲು ಹತ್ತುವುದು ತುಂಬಾ ಕಡಿಮೆ. ದಿನದ ಹೆಚ್ಚಿನ ಹೊತ್ತು ಹೋಗುವುದು ಪೇಟೆಂಟ್ ಕಚೇರಿಯ ಕಾಗದ ಓದುವುದರಲ್ಲೇ.

ಇಲ್ಲಿ ಸಮಯವೇ ಎಲ್ಲಾ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ತನಕ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಪೇಟೆಂಟ್ ಕಾಯ್ದೆಯ 25(1)ನೇ ಸೆಕ್ಷನ್ ಹಾಗೇ ಹೇಳುತ್ತದೆ. ಮಂಜೂರಾದ ಮೇಲೆ ಒಂದೇ ವರ್ಷದ ಗಡುವು, ಅದೂ ಆ ವಿಷಯದಲ್ಲಿ ಹಿತಾಸಕ್ತಿ ಇದ್ದವರಿಗೆ ಮಾತ್ರ.

"ಯಾರು ಬೇಕಾದರೂ" ಅನ್ನುವುದರ ಬಲ ಎಷ್ಟು ಅಂತ ಬೆಡಾಕ್ವಿಲಿನ್ ಪ್ರಕರಣ ನೋಡಿದರೆ ತಿಳಿಯುತ್ತದೆ. ಸಾಮಾನ್ಯ ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಕೊಡುವ ಮಾತ್ರೆ ಅದು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಮೂಲ ಪೇಟೆಂಟ್ 2023ರ ಜುಲೈಗೆ ಮುಗಿಯುವುದಿತ್ತು. ಅದೇ ಔಷಧಿಯ ಇನ್ನೊಂದು ರಾಸಾಯನಿಕ ರೂಪವಾದ ಫ್ಯೂಮರೇಟ್ ಲವಣಕ್ಕೆ ಕಂಪನಿ ಇನ್ನೊಂದು ಅರ್ಜಿ ಹಾಕಿತ್ತು. ಅದು ಸಿಕ್ಕಿದ್ದರೆ ಏಕಸ್ವಾಮ್ಯ 2027ರ ತನಕ ಎಳೆಯುತ್ತಿತ್ತು. 2019ರಲ್ಲಿ ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ ಆಕ್ಷೇಪಣೆ ಹಾಕಿದರು. ಇಬ್ಬರೂ ಕ್ಷಯದಿಂದ ಗುಣವಾದವರು. ಹಳೆಯ ಔಷಧಿಗಳ ವಿಷದಿಂದ ಇಬ್ಬರೂ ಕಿವಿ ಕೇಳುವ ಶಕ್ತಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಈ ಆದೇಶ ಓದಿದಾಗಲೆಲ್ಲ ನನ್ನ ಕೆಲಸದ ಮೇಲೆ ನನಗೆ ಹೆಮ್ಮೆ ಜಾಸ್ತಿಯಾಗುತ್ತದೆ.

ಇಂಥ ಆಕ್ಷೇಪಣೆ ನಿಲ್ಲುವುದು ಸಂಕಟದ ಕಥೆಯಿಂದಲ್ಲ, ತಾರೀಖುಗಳಿಂದ, ಅಂದರೆ ಯಾವುದು ಮೊದಲೇ ಗೊತ್ತಿತ್ತು ಎಂಬುದರಿಂದ. ಹೊಸ ಅರ್ಜಿಯ ಕ್ಲೇಮುಗಳನ್ನೂ (ಕಂಪನಿ ತನ್ನದೆಂದು ಹಕ್ಕು ಕೇಳುವ ಅಂಶಗಳು) ಹಳೆಯ ಪೇಟೆಂಟನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಹಳೆಯದರಲ್ಲೇ ಈ ಲವಣದ ಸುಳಿವು ಇದೆಯಾ? ಇದ್ದರೆ ಯಾವ ಪುಟ, ಯಾವ ಸಾಲು? 3(ಡಿ) ಸೆಕ್ಷನ್ ಪ್ರಕಾರ, ಗೊತ್ತಿರುವ ಔಷಧಿಯ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮ ಗಮನಾರ್ಹವಾಗಿ ಹೆಚ್ಚಿರಬೇಕು. ಪರಿಣಾಮ ಅಂದರೆ ರೋಗ ವಾಸಿಮಾಡುವ ಶಕ್ತಿ ಎಂದು 2013ರಲ್ಲಿ ನೊವಾರ್ಟಿಸ್ ಎಂಬ ಔಷಧಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹಾಗಾಗಿ ಕಂಪನಿ ಕೊಟ್ಟ ಪ್ರಯೋಗದ ಅಂಕಿಅಂಶ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ನಿಧಾನವಾಗಿ ಬಿಡಿಸಬೇಕು.

ವಿಜ್ಞಾನ ಓದದವರಿಗೆ ಇಲ್ಲಿ ಜಾಗ ಇದೆಯಾ? ಇದೆ. ಪೇಟೆಂಟ್ ಕಚೇರಿಯಲ್ಲಿ ಇತರರ ಪರ ಕೆಲಸ ಮಾಡುವ ಪೇಟೆಂಟ್ ಏಜೆಂಟ್ ಆಗುವ ಪರೀಕ್ಷೆಗೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಡಿಗ್ರಿ ಬೇಕೇ ಬೇಕು, ಬಿಎ ಎಲ್‌ಎಲ್‌ಬಿ ಒಂದೇ ಸಾಲದು. ಆದರೆ ಏಜೆಂಟ್ ಅಲ್ಲದ ವಕೀಲರೂ ಕಂಟ್ರೋಲರ್ (ಅರ್ಜಿ ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ) ಮುಂದಿನ ವಿಚಾರಣೆಯಲ್ಲಿ ಕಕ್ಷಿದಾರರ ಪರ ವಾದಿಸಬಹುದು. ಪಕ್ಕದಲ್ಲಿ ಔಷಧ ರಸಾಯನಶಾಸ್ತ್ರ ಬಲ್ಲ ಒಬ್ಬರು ಇರಲಿ. ಅವರಿಗೆ ಸರಿಯಾದ ಪ್ರಶ್ನೆ ಕೇಳಲು ಕಲಿತರೆ ಅರ್ಧ ಕೆಲಸ ಆದಂತೆ. ಸಂಬಳ ದೊಡ್ಡ ಕಂಪನಿಗಳ ಪರ ಕೆಲಸ ಮಾಡುವವರಿಗಿಂತ ಕಡಿಮೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ.

2024ರಲ್ಲಿ ನಿಯಮ ಬದಲಾಗಿದೆ. ಮೊದಲು ಪುಕ್ಕಟೆಯಾಗಿದ್ದ, ಮಂಜೂರಾಗುವ ಮುಂಚಿನ ಈ ಆಕ್ಷೇಪಣೆಗೆ ಈಗ ಶುಲ್ಕ ಇದೆ. ಅದನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೇ ಎಂದು ಕಂಟ್ರೋಲರ್ ಮೊದಲೇ ನೋಡುತ್ತಾರೆ. ರೋಗಿಗಳ ಸಣ್ಣ ಗುಂಪುಗಳಿಗೆ ಇದು ನಿಜಕ್ಕೂ ಹೊರೆ, ನನಗೆ ಇದು ಸರಿ ಅನ್ನಿಸುವುದಿಲ್ಲ. ಹಾಗಾಗಿ ಈಗ ನಮ್ಮ ಅತಿ ಗಟ್ಟಿ ದಾಖಲೆಯನ್ನು ತಾರೀಖು, ಪುಟಸಂಖ್ಯೆ ಸಮೇತ ಮೊದಲ ಪುಟದಲ್ಲೇ ಇಡುತ್ತೇವೆ.