ಗೋಡೌನಿನ ಪಕ್ಕದ ಬ್ಯಾಟರಿ

ನಾನು ಚಿಕ್ಕಮಗಳೂರಿನಲ್ಲಿ ವಿಮಾ ಸರ್ವೇಯರ್. ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಪಾಲಿಸಿ ನವೀಕರಣದ ತಪಾಸಣೆಗೆಂದು ಹೋಗಿದ್ದೆ. ಮನೆ, ಹೋಂಸ್ಟೇ ಕೋಣೆಗಳು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಾಫಿ ಗೋಡೌನು ಎಲ್ಲ ನೋಡಿ ಮುಗಿಯುವ ಹೊತ್ತಿಗೆ ಯಜಮಾನರು, "ಸಾರ್, ಈ ಸಲ ಕೆರೆ ದೋಣಿಗೂ ಇನ್ಶೂರೆನ್ಸ್ ಮಾಡಿಸ್ಬೇಕು. ಅದರ ಬ್ಯಾಟರಿ ನಾನೇ ಕಟ್ಟಿದ್ದು" ಅಂದರು. ಮಾತಿನಲ್ಲಿ ಹೆಮ್ಮೆಯಿತ್ತು, ಇರಬೇಕಾದದ್ದೇ.

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಇರಲಿ ಎಂದು ತೋಡಿಸಿದ ಕೆರೆ ಅದು. ಹೋಂಸ್ಟೇಗೆ ಜನ ಬರತೊಡಗಿದ ಮೇಲೆ ಒಂದು ಫೈಬರ್ ದೋಣಿ ಬಂತು, ಕರೆಂಟಿನ ಮೋಟಾರು ಬಂತು. ಮೊದಲಿದ್ದ ನಾಲ್ಕು ಆಸಿಡ್ ಬ್ಯಾಟರಿ ತೆಗೆದು, 3.2 ವೋಲ್ಟಿನ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿ 51.2 ವೋಲ್ಟಿನ ಪೆಟ್ಟಿಗೆ ಮಾಡಿದ್ದರು. ಭಾರ ಅರ್ಧಕ್ಕಿಂತ ಕಡಿಮೆಯಾಗಿತ್ತು.

ಕೆಲಸ ಅಚ್ಚುಕಟ್ಟಾಗಿತ್ತು. ನಿಕ್ಕಲ್, ಕೋಬಾಲ್ಟ್ ಇರುವ ಸೆಲ್ಲಿಗಿಂತ ಈ ಜಾತಿಯ ಸೆಲ್ ಹೆಚ್ಚು ಬಿಸಿ ತಡೆಯುತ್ತದೆ, ಆ ಆಯ್ಕೆಯೂ ಸರಿ. ನನ್ನ ಕಣ್ಣು ನಿಂತದ್ದು ಪೆಟ್ಟಿಗೆಯ ಹೊರಗಿದ್ದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿಟ್ಟುಕೊಳ್ಳುವ ಸ್ವಿಚ್ಚು) ಮೇಲೆ. ಮನೆಯ ಬೋರ್ಡಿಗೆ ಹಾಕುವ ಎಸಿ ಎಂಸಿಬಿ!

ನಮ್ಮ ಮನೆಯ 50 ಹರ್ಟ್ಸ್ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುತ್ತದೆ. ಸ್ವಿಚ್ಚು ಬಿಟ್ಟುಕೊಂಡಾಗ ಹುಟ್ಟುವ ಕಿಡಿ ಆ ಬಿಡುವಿನಲ್ಲಿ ಆರುತ್ತದೆ. ಬ್ಯಾಟರಿಯಿಂದ ಬರುವ ಡಿಸಿ ಕರೆಂಟಿನಲ್ಲಿ ಆ ಬಿಡುವೇ ಇಲ್ಲ. ಕಿಡಿ ಎಳೆದುಕೊಂಡೇ ಉರಿದು ಎಂಸಿಬಿಯನ್ನೇ ಕರಗಿಸಬಹುದು. ಇಂಥ ಬ್ಯಾಟರಿ ಶಾರ್ಟ್ ಆದರೆ ಹರಿಯುವುದು ಸಾವಿರಾರು ಆಂಪಿಯರ್. ಅದಕ್ಕೇ ದೋಣಿಗಳಲ್ಲಿ ಪಾಸಿಟಿವ್ ಟರ್ಮಿನಲ್ಲಿನ ಹತ್ತಿರವೇ ಕ್ಲಾಸ್ ಟಿ ಫ್ಯೂಸ್ ಹಾಕುವುದು. 20,000 ಆಂಪಿಯರನ್ನೂ ಕಡಿದು ನಿಲ್ಲಿಸುವ ಫ್ಯೂಸ್ ಅದು. ಇದನ್ನು ಹೇಳಿದಾಗ ಅವರು ವಾದಿಸಲಿಲ್ಲ, ಡೈರಿ ತಂದು ಬರೆದುಕೊಂಡರು.

ಚಾರ್ಜರು ಹಳೆಯ ಆಸಿಡ್ ಬ್ಯಾಟರಿಯದ್ದೇ. ಈ ಪೆಟ್ಟಿಗೆಗೆ ಮಿತಿ 58.4 ವೋಲ್ಟ್. ಆಸಿಡ್ ಬ್ಯಾಟರಿಯ ಸೆಲ್ಲುಗಳನ್ನು ಸಮ ಮಾಡುವ ಚಾರ್ಜಿಂಗ್ 60 ದಾಟುವುದುಂಟು. "ಬಿಎಂಎಸ್ ಕಟ್ ಮಾಡುತ್ತಲ್ಲ ಸಾರ್?" ಅಂದರು, ಮಿತಿ ಮೀರಿದರೆ ಬ್ಯಾಟರಿಯನ್ನು ತಾನೇ ಕಡಿಯುವ ಒಳಗಿನ ಸರ್ಕ್ಯೂಟಿನ ಬಗ್ಗೆ. ಮಾಡುತ್ತದೆ. ಆದರೆ ಬಿಎಂಎಸ್ ಇರುವುದು ಕೊನೆಯ ಕಾವಲಿಗೆ, ದಿನಾ ಅದರ ಮೇಲೆ ಭಾರ ಹಾಕಬಾರದು. ಇನ್ನೊಂದು ಮಾತೂ ಇದೆ. ಗಾಳಿ ಬೀಸುವಾಗ ಕೆರೆಯ ನಡುವೆ ಅದು ದಿಢೀರನೆ ಕಟ್ ಮಾಡಿದರೆ ದೋಣಿಯಲ್ಲಿ ಮಕ್ಕಳಿರುತ್ತಾರೆ. ಅಮೆರಿಕದ ದೋಣಿ ಮಂಡಳಿ ಎಬಿವೈಸಿ 2022ರಲ್ಲಿ ತಂದ ಇ-13 ಎಂಬ ಮಾನದಂಡ, ಕಡಿಯುವ ಮೊದಲು ದೀಪವೋ ಸದ್ದೋ ಎಚ್ಚರಿಸಬೇಕು ಎನ್ನುತ್ತದೆ. ಸಣ್ಣ ದೋಣಿಗಳ ಲಿಥಿಯಂ ಬ್ಯಾಟರಿಗೆಂದೇ ಐಎಸ್‌ಒ/ಟಿಎಸ್ 23625 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2021ರಲ್ಲಿ. ನಮ್ಮ ಕೆರೆಯ ದೋಣಿಗೆ ಇವನ್ನು ಯಾರೂ ಕಡ್ಡಾಯ ಮಾಡಿಲ್ಲವಾದರೂ, ತಪಾಸಣೆಗೆ ಹೋದಾಗ ನಾನು ಹಿಡಿಯುವ ದಾರಿ ಅದೇ.

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಚಾರ್ಜ್ ಮಾಡುವ ಜಾಗ. ಗೋಡೌನಿನ ಗೋಡೆಗೆ ಅಂಟಿಕೊಂಡ ಶೆಡ್ಡು, ಒಳಗೆ ಕಳೆ ಕೊಚ್ಚುವ ಮೆಷಿನ್ನಿನ ಪೆಟ್ರೋಲ್ ಕ್ಯಾನು. ಗೋಡೆಯ ಆಚೆ ವರ್ಷದ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ) ಅಷ್ಟೂ ಮೂಟೆಯಲ್ಲಿ. ದೋಣಿಯ ಬೆಲೆ ಎಷ್ಟು, ಆ ಮೂಟೆಗಳ ಬೆಲೆ ಎಷ್ಟು! ವಿಮಾ ಕಂಪನಿ ಬ್ಯಾಟರಿಯ ಬಗ್ಗೆ ಇಷ್ಟೊಂದು ಕೇಳುವುದು ಈ ಗೋಡೆಯ ಕಾರಣಕ್ಕೆ. ದೋಣಿಯ ಕಾಗದದಲ್ಲಿ ಬರೆಯದ ಬ್ಯಾಟರಿ ಗೋಡೌನಿನ ಕ್ಲೇಮನ್ನೂ ಎಳೆದುಕೊಂಡು ಹೋಗಬಲ್ಲದು.

ಅಂಥದ್ದನ್ನು ನೋಡಿದ್ದೇನೆ. ಬೇರೊಂದು ತೋಟದಲ್ಲಿ ಶೆಡ್ಡು ಸುಟ್ಟಿತು. ಒಳಗಿದ್ದ ಸ್ವಂತ ಜೋಡಣೆಯ ಬ್ಯಾಟರಿಯ ವಿಷಯ ಪ್ರೊಪೋಸಲ್ ಫಾರಂನಲ್ಲಿ ಇರಲಿಲ್ಲ, ಸೆಲ್ಲಿನ ಬಿಲ್ಲೂ ಇರಲಿಲ್ಲ. ಕ್ಲೇಮು ತಿರಸ್ಕಾರವಾಯಿತು. ಬೆಂಕಿ ಹತ್ತಿದ್ದು ಬ್ಯಾಟರಿಯಿಂದಲೇ ಎಂದು ಖಚಿತವಾಗಿ ಹೇಳಲು ಬೂದಿಯಲ್ಲಿ ಏನೂ ಉಳಿದಿರಲಿಲ್ಲ. ಅಲ್ಲ ಎಂದು ತೋರಿಸಲು ಆ ಮನೆಯವರ ಕೈಯಲ್ಲೂ ಏನೂ ಇರಲಿಲ್ಲ. ಅವರಿಗೆ ವಿಮಾ ದೂರು ಕೇಳುವ ಒಂಬಡ್ಸ್‌ಮನ್ ದಾರಿ ಹೇಳಿ ಬಂದೆ. ಆ ಸಂಕಟ ಇನ್ನೂ ಇದೆ.

"ಕಂಪನಿ ಬ್ಯಾಟರಿ ತಗೊಂಡಿದ್ರೆ ಇಷ್ಟೆಲ್ಲ ಕೇಳ್ತಿರ್ಲಿಲ್ವಾ?" ಎಂದರು ಯಜಮಾನರು, ಅವರಮ್ಮ ಕಡುಬು ಬಡಿಸುತ್ತಿದ್ದಾಗ. ಕಡಿಮೆ ಕೇಳುತ್ತಿದ್ದರು. ಅಲ್ಲಿ ಪರೀಕ್ಷೆಯ ವರದಿ, ವಾರಂಟಿ ಕೊಡುವವರು ಬೇರೆ ಇರುತ್ತಾರೆ. ಇಲ್ಲಿ ತಯಾರಕರೂ ನೀವೇ, ದಾಖಲೆ ನೀವೇ ಕೊಡಬೇಕು ಎಂದೆ. ಸೆಲ್ಲಿನ ಬಿಲ್ಲು, ಬಿಎಂಎಸ್ ಮಾದರಿ, ವೈರಿಂಗ್ ಚಿತ್ರ, ಮುಚ್ಚಳ ಹಾಕುವ ಮೊದಲಿನ ಫೋಟೊ, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರ್ಯಾಕ್ಟರ್ ನೋಡಿ ಸಹಿ ಹಾಕಿದ ಪತ್ರ. ಅಮ್ಮ, "ಮೊದ್ಲು ಆ ಪೆಟ್ರೋಲ್ ಕ್ಯಾನ್ ತೆಗ್ಸೋ" ಎಂದು ಮಗನಿಗೆ ಹೇಳಿದರು. ಊಟ ಮುಗಿಯುವ ಮೊದಲೇ ಕ್ಯಾನು ಹೊರಗೆ ಹೋಯಿತು.

ಕಂಪನಿ ದೋಣಿಯನ್ನು ಒಪ್ಪಿಕೊಂಡಿತು, ಶರತ್ತು ಹಾಕಿ: ಡಿಸಿ ಫ್ಯೂಸು, ಸರಿಯಾದ ಚಾರ್ಜರು ಬರಬೇಕು, ಚಾರ್ಜಿಂಗ್ ಗೋಡೌನಿನಿಂದ ದೂರ ಹೋಗಬೇಕು, ಅಲ್ಲಿಯವರೆಗೆ ಅತಿಥಿಗಳನ್ನು ಹತ್ತಿಸುವಂತಿಲ್ಲ. ಅವರು ಎಲ್ಲವನ್ನೂ ಮಾಡಿ ಫೋಟೊ ಕಳಿಸಿದರು. ಈಗ ಮನೆಯ ಇನ್ವರ್ಟರಿಗೂ ಇಂಥದ್ದೇ ಪೆಟ್ಟಿಗೆ ಕಟ್ಟುತ್ತಾರಂತೆ. ಸೆಲ್ ತರಿಸುವ ಮೊದಲೇ ಚಿತ್ರ ಬಂದಿದೆ. ಫ್ಯೂಸಿನ ಜಾಗ ಸರಿಯಿದೆ. ಪೆಟ್ಟಿಗೆ ಮಾತ್ರ ಅಮ್ಮ ಮಲಗುವ ಕೋಣೆಯ ಗೋಡೆಗಿದೆ, ಅದನ್ನು ಹೊರಗಿನ ಜಗಲಿಗೆ ತನ್ನಿ ಎಂದು ಬರೆದಿದ್ದೇನೆ.