ಚಳಿಗಾಲದಲ್ಲೂ ಅಮ್ಮನ ಪೂಲ್

ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ನವೆಂಬರ್ ಬಂತೆಂದರೆ ಇಲ್ಲಿನ ಮನೆಗಳ ಪೂಲ್‌ಗಳಲ್ಲಿ ಇಳಿಯುವವರೇ ಇಲ್ಲ. ನೀರು ಕೊರೆಯುತ್ತದೆ. ನಮ್ಮದನ್ನು ಹಾಗೆ ಸುಮ್ನೆ ಬಿಡುವಂತಿರಲಿಲ್ಲ. ಅಮ್ಮನ ಎರಡೂ ಮಂಡಿ ಸವೆದಿವೆ. ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಮುಖ ಕಿವುಚುವವಳು, ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುತ್ತಾಳೆ. ಚಳಿಗಾಲ ಪೂರ್ತಿ ಅದು ನಿಂತರೆ ಹೇಗೆ?

ನೀರು ಬಿಸಿ ಮಾಡಲೇಬೇಕೆಂದು ಮೊದಲು ಲೆಕ್ಕ ಹಾಕಿದೆ. 8 ಮೀಟರ್ ಉದ್ದ, 4 ಅಗಲ, ಸರಾಸರಿ 1.25 ಆಳ. ಒಟ್ಟು 40,000 ಲೀಟರ್. ಇದನ್ನು ಒಂದು ಡಿಗ್ರಿ ಏರಿಸಲು ಸುಮಾರು 46 ಯೂನಿಟ್ (ಕರೆಂಟ್ ಮೀಟರಿನ ಯೂನಿಟ್ಟೇ) ಶಾಖ ಬೇಕು. 20ರಿಂದ 29 ಡಿಗ್ರಿಗೆ ತರಲು 400 ಯೂನಿಟ್ ದಾಟುತ್ತದೆ. ಕಾಯಿಲ್ ಹೀಟರ್ ಹಾಕಿದರೆ ಅಷ್ಟೂ ಕರೆಂಟ್ ಬಿಲ್ಲಿಗೆ ಸೇರುತ್ತದೆ. ಹೀಟ್ ಪಂಪ್ ಹಾಗಲ್ಲ. ಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ ಶಾಖ ಸಿಗುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಜಾಸ್ತಿ, ಅದಕ್ಕೇ ನಾವು ಮಧ್ಯಾಹ್ನವೇ ಓಡಿಸುತ್ತೇವೆ.

ಆದರೆ ಮಿಷನ್‌ಗಿಂತ ಮುಖ್ಯವಾದದ್ದು ಬಿಸಿ ಎಲ್ಲಿಂದ ತಪ್ಪಿಸಿಕೊಳ್ಳುತ್ತದೆ ಎಂಬುದು. ಗೋಡೆ, ತಳದಿಂದ ಹೋಗುವುದು ಕಡಿಮೆ. ಬಹುಪಾಲು ಮೇಲಿನಿಂದಲೇ ಹೋಗುತ್ತದೆ, ಅದರಲ್ಲೂ ಆವಿಯಾಗಿ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 580 ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗುವಷ್ಟು ಶಾಖ ಹೊರಟುಹೋಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವುದೂ ಹೀಗೇ ಅಲ್ವಾ? ನಮ್ಮ ಪೂಲಿನಲ್ಲಿ ರಾತ್ರಿ ಎರಡೇ ಮಿಲಿಮೀಟರ್ ನೀರು ಆವಿಯಾದರೆ 64 ಲೀಟರ್. ಹತ್ತಿರ ಹತ್ತಿರ ಒಂದು ಡಿಗ್ರಿ ಹೋದಂತೆ.

ಅಮ್ಮ ಈಜು ಕಲಿತದ್ದು ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯ ಹಳ್ಳಿಯ ಬಾವಿಯಲ್ಲಿ. "ಮಾಗಿ ಚಳೀಲೂ ಬಾವಿ ನೀರು ಬೆಚ್ಚಗಿರ್ತಿತ್ತು ಕಣೋ, ಇದಕ್ಕೇನಾಗಿದೆ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಬಾವಿ ನೀರಿಗೆ ನೆಲದ ಶಾಖ ಇರುತ್ತದೆ. ಬಾಯಿ ಚಿಕ್ಕದು, ಒಳಗೆ ಗಾಳಿ ಆಡುವುದಿಲ್ಲ. ಪೂಲು ಆಳ ಕಡಿಮೆ, ಅಗಲ ಜಾಸ್ತಿ, ಮೇಲೆ ಪೂರ್ತಿ ಬಯಲು.

ಹಾಗಾಗಿ ಹೀಟ್ ಪಂಪಿಗಿಂತ ಮೊದಲು ಬಬಲ್ ಕವರ್ ತಂದೆ, ಅಂದರೆ ಒಂದು ಬದಿ ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹೊದಿಕೆ. ಗುಳ್ಳೆ ಇರುವ ಬದಿ ನೀರಿಗೆ ತಾಗಬೇಕು. ಸಂಜೆ ನಾನೂ ಮಗಳೂ ಎರಡು ತುದಿ ಹಿಡಿದು ಎಳೆಯುತ್ತೇವೆ. ಬೆಳಿಗ್ಗೆ ಒಂದು ಮೂಲೆ ಎತ್ತಿದರೆ ಅಡಿಯಲ್ಲಿ ಗುಳ್ಳೆಗಳ ನಡುವೆ ಹನಿ ಕೂತಿರುತ್ತದೆ, ಸಣ್ಣಗೆ ಹಬೆ ಏಳುತ್ತದೆ. ಮಕ್ಕಳಿರುವ ಮನೆಯವರು ದಯವಿಟ್ಟು ಗಮನಿಸಿ: ಈ ಕವರ್ ಯಾರ ಭಾರವನ್ನೂ ಹೊರುವುದಿಲ್ಲ. ಮೇಲೆ ಕಾಲಿಟ್ಟ ಮಗು ನೇರ ಕೆಳಗೆ ಹೋಗುತ್ತದೆ, ಹೊರಗಿನವರಿಗೆ ಕಾಣುವುದೂ ಇಲ್ಲ. ಸುತ್ತ ಬೇಲಿ, ಗೇಟಿಗೆ ಬೀಗ ಬೇಕೇ ಬೇಕು.

ಟೆರೇಸ್ ಖಾಲಿ ಇದ್ದವರು ಕಪ್ಪು ಸೋಲಾರ್ ಮ್ಯಾಟ್ ಹಾಸಬಹುದು. ಪೂಲಿನ ನೀರು ಅದರೊಳಗೆ ಹರಿದು ಬಿಸಿಲಿಗೆ ಬಿಸಿಯಾಗುತ್ತದೆ. ಪೂಲಿನ ಅರ್ಧದಷ್ಟಾದರೂ ಜಾಗ ಬೇಕು, ವರ್ಷವಿಡೀ ಬಳಸುವುದಾದರೆ ಇನ್ನೂ ಜಾಸ್ತಿ. ಹೊತ್ತು ಮುಳುಗಿದ ಮೇಲೆ ಅದರಲ್ಲಿ ನೀರು ಓಡಿದರೆ ಉಲ್ಟಾ ತಣ್ಣಗಾಗುತ್ತದೆ. ತಾನೇ ನಿಲ್ಲಿಸುವ ಸೆನ್ಸರ್ ಇರಲಿ.

ಬೆಚ್ಚಗಿನ ನೀರಿನಲ್ಲಿ ಕ್ಲೋರಿನ್ ಬೇಗ ಮುಗಿಯುತ್ತದೆ. ಬೋರ್ ನೀರು ಗಡಸಾದರೆ ಹೀಟರ್ ಒಳಗೆ ಸುಣ್ಣ ಕಟ್ಟುತ್ತದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.6ರೊಳಗೆ ಇರುವಂತೆ ನೋಡಿಕೊಳ್ಳುತ್ತೇನೆ.

ಸ್ಪರ್ಧೆಯ ಕೊಳಗಳಲ್ಲಿ 25ರಿಂದ 28 ಡಿಗ್ರಿ ಇಡುತ್ತಾರೆ. ಜೋರಾಗಿ ಈಜುವ ಮಗಳಿಗೆ ಅದು ಸಾಕು. ನಿಧಾನ ನಡೆಯುವ ಅಮ್ಮನಿಗೆ ಸಾಲದು. 29ಕ್ಕೇ ಇಟ್ಟಿದ್ದೇವೆ.